ಗೋಡೆಗೆ ಹಚ್ಚಿದ ತಾರೀಖು

ಮಾರ್ಚ್ 4, ಸೋಮವಾರ

ಎರಡನೇ ಮಹಡಿಯ ಕೊನೆಯ ಕೆಟಲ್ ಕೂಡ ಇವತ್ತು ನನ್ನ ಕೈಗೆ ಬಂತು. ಪರಿಹಾರ ವಿಭಾಗದವರು ಅದನ್ನು ಎರಡು ವಾರದಿಂದ ಕಡತಗಳ ಹಿಂದೆ ಬಚ್ಚಿಟ್ಟಿದ್ದರಂತೆ. ನಾನು ಹೋಗಿ ನಿಂತಾಗ ಅಲ್ಲಿನ ಹಿರಿಯಳೊಬ್ಬಳು ವಯರು ಸುತ್ತಿ, "ತಗೊಳಿ, ಭೂಮಿ ಉಳೀಲಿ," ಎಂದು ಕೈಗಿಟ್ಟಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಟ್ಟಡದಲ್ಲಿದ್ದ ಅರವತ್ತೊಂದು ಕೆಟಲ್‌ಗಳ ಬದಲು ಮಹಡಿಗೊಂದು ಬಿಸಿನೀರಿನ ಯಂತ್ರ ಇಟ್ಟರೆ ವರ್ಷಕ್ಕೆ ಏಳು ಟನ್ ಇಂಗಾಲ ಉಳಿಯುತ್ತದೆ. ಈ ಲೆಕ್ಕ ಹಾಕಿದವಳು ನಾನೇ. ಏಳು ಸಣ್ಣ ಸಂಖ್ಯೆ ಎಂದು ಗೊತ್ತಿದ್ದೂ ನನಗೆ ಅದರ ಮೇಲೆ ಪ್ರೀತಿ.

ಈ ವರ್ಷದ ಇಂಗಾಲದ ವರದಿಯ ಮೊದಲ ಭಾಗ ಮುಗಿಯಿತು: ನಮ್ಮ ಕಟ್ಟಡಗಳು, ಕಾರುಗಳು, ವಿಮಾನ ಪ್ರಯಾಣ. ಒಟ್ಟು 3,912 ಟನ್. ಐದು ವರ್ಷದಲ್ಲಿ ನೂರಕ್ಕೆ ಮೂವತ್ತೆಂಟು ಇಳಿದಿದೆ. ಎರಡನೇ ಭಾಗದಲ್ಲಿ ನಾವು ವಿಮೆ ಮಾಡುವ ಗ್ರಾಹಕರ ಹೊಗೆ. ಅಲ್ಲಿ ಕಲ್ಲಿದ್ದಲಿನ ಸಾಲಿನಲ್ಲಿ ನಾಲ್ಕು ವರ್ಷದಿಂದ ಸೊನ್ನೆ ಇದೆ. ಆ ಸೊನ್ನೆಯನ್ನು ಟೈಪು ಮಾಡುವಾಗ ಒಂದು ನೆಮ್ಮದಿ. ಒಂದು ವಿಮಾ ಕಂಪನಿಗೆ ಇದಕ್ಕಿಂತ ಶುಭ್ರವಾದ ಅಂಕಿ ಇರಲಾರದು.

ಶುಕ್ರವಾರದ್ದನ್ನು ಬರೆದಿಡಬೇಕು. ನಾನು ಕೆಲಸಕ್ಕೆ ಸೇರಿ ಹನ್ನೆರಡು ವರ್ಷವಾದದ್ದಕ್ಕೆ ಚಿಕ್ಕ ಕೂಟವಿತ್ತು. ಎಲ್ಲರೂ ಹೋದ ಮೇಲೆ ನಿರ್ದೇಶಕಿ ನನ್ನ ತೋಳಿಗೆ ತನ್ನ ತೋಳು ಹೆಣೆದು ಚೆರ್ರಿ ಮದ್ಯದ ಲೋಟ ಎತ್ತಿದರು. "ಇನ್ಮೇಲೆ ಪಾನಿ ಗೀನಿ ಬೇಡ. ಲುದ್ವಿಕಾ ಅನ್ನು ಸಾಕು." ಹನ್ನೆರಡು ವರ್ಷ ಪಾನಿ ಲುದ್ವಿಕಾ, ಅಂದರೆ ಲುದ್ವಿಕಾ ಮೇಡಂ, ನೀವು, ತಮ್ಮ ಸಮಯ ಎಂದವಳು ನಾನು. ಹೀಗೆ ತೋಳು ಹೆಣೆದು ಕುಡಿದು, ಏಕವಚನದ ಸಲಿಗೆಯನ್ನು ಹಿರಿಯರೇ ಮೊದಲು ಕೊಡಬೇಕು. ಕೊಟ್ಟರು. ಆಮೇಲೆ ಒಂದು ಗಂಟೆ ಹರಟಿದೆವು. ಮಿರ್ಕಾ ಅಕ್ಕನ ಬಗ್ಗೆ, ದೋಣಿಗಳ ಬಗ್ಗೆ, ಝೆನೆಕ್ ಭಾವನ ಕೆಲಸದ ಬಗ್ಗೆ ಹೇಳಿದೆ. ಆಫೀಸಿನಲ್ಲಿ ಯಾರಿಗೂ ಹೇಳದ್ದನ್ನೆಲ್ಲ.

ಮಾರ್ಚ್ 10, ಭಾನುವಾರ

ಅಕ್ಕನ ಮನೆಗೆ ಹೋಗಿ ಬಂದೆ. ಪೊಜ್ನಾನ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆ, ಆಮೇಲೆ ಭಾವನ ಹಳೆ ಕಾರು.

ಕೆರೆ ಇನ್ನೂ ಹಿಂದೆ ಸರಿದಿದೆ. ದೋಣಿಕಟ್ಟೆಯ ತುದಿಯಲ್ಲಿ ನಿಂತರೆ ಕೆಳಗೆ ಕೆಸರು, ಆಮೇಲೆ ಜೊಂಡು, ಆಮೇಲೆ ಎಲ್ಲೋ ನೀರು. ಅಕ್ಕನ ಹನ್ನೊಂದು ಬಾಡಿಗೆ ದೋಣಿಗಳು ಕೊಟ್ಟಿಗೆಯ ಗೋಡೆಗೆ ಮಗುಚಿ ಒರಗಿವೆ. ಹೋದ ಬೇಸಿಗೆಯಲ್ಲಿ ಒಂದು ಕುಟುಂಬ ಬಂದು, ಕಟ್ಟೆ ನೋಡಿ, ಐಸ್‌ಕ್ರೀಮ್ ತಿಂದು ಹೋಯಿತಂತೆ. "ದೋಣಿ ತಳ್ಳಿಕೊಂಡು ನಡೀರಿ, ವ್ಯಾಯಾಮ ಆಗುತ್ತೆ ಅಂತ ಹೇಳ್ಬೇಕಿತ್ತು," ಎಂದಳು ಅಕ್ಕ.

ಈಗ ಮನೆಯೂ ಬಿರಿದಿದೆ. ಅಡುಗೆಮನೆಯ ಕಿಟಕಿಯ ಮೂಲೆಯಿಂದ ನೆಲದವರೆಗೆ, ಬೆರಳ ತುದಿ ಹೋಗುವಷ್ಟು. ಜನವರಿಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕಿದ್ದಾರೆ, ನಮ್ಮ ಕಂಪನಿಗೇ. ಏಳು ವರ್ಷದ ಹಿಂದೆ ಅವರ ವಿಮೆಯನ್ನು ಇಲ್ಲಿಗೆ ಬದಲಾಯಿಸಿಕೊಟ್ಟದ್ದು ನಾನು. ಅಕ್ಕನಿಗೆ ಆತಂಕವೇನೂ ಇದ್ದಂತಿಲ್ಲ. "ನೀನು ಒಳಗಿದ್ದೀಯಲ್ಲ," ಎಂದಳು, ಅಷ್ಟೇ.

ಭಾವ ಬಿರುಕಿಗೆ ಅಡ್ಡವಾಗಿ ಜಿಪ್ಸಮ್ ಪಟ್ಟಿ ಹಚ್ಚಿದ. ಇಲ್ಲಿನ ಕಲ್ಲಿದ್ದಲು ಗಣಿಯ ಸುತ್ತಲ ಊರುಗಳಲ್ಲಿ ಎಲ್ಲರೂ ಮಾಡುವುದೇ ಇದು. ಪಟ್ಟಿ ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದು ಅರ್ಥ, ಒಡೆಯದಿದ್ದರೆ ನಿಂತಿದೆ. ಹಸಿ ಇರುವಾಗಲೇ ಮೊಳೆಯಲ್ಲಿ ತಾರೀಖು ಕೆತ್ತಬೇಕು, ಪಕ್ಕದಲ್ಲಿ ಸಾಕ್ಷಿಯ ಸಹಿ. ಭಾವ ಮೊಳೆಯನ್ನು ನನಗೆ ಕೊಟ್ಟ.

"ಮನೆಯವರ ಸಹಿ ನಡೆಯಲ್ಲ. ಹೊರಗಿನವರದು ಬೇಕು. ನೀನು ಹಾಕು."

"ಇವಳು ಯಾವಾಗ ಹೊರಗಿನವಳಾದ್ಲು?" ಎಂದಳು ಅಕ್ಕ. ನಾನು ಚಿಕ್ಕಂದಿನಿಂದ ಕುಡಿಯುವ, ಬಾತುಕೋಳಿ ಚಿತ್ರದ, ಅಂಚು ಒಡೆದ ಮಗ್ಗಿನಲ್ಲಿ ಚಹಾ ಸುರಿಯುತ್ತಿದ್ದಳು.

ನನ್ನ ಅಕ್ಷರ ಚೆನ್ನಾಗಿದೆ ಎಂದು ಭಾವ ಮೆಚ್ಚಿಕೊಂಡ. ಜಿಪ್ಸಮ್ ಮೇಲೆ ಸಹಿ ಹಾಕುವುದು ಬೆಣ್ಣೆಯ ಮೇಲೆ ಬರೆದಂತೆ.

ಮಾರ್ಚ್ 19, ಮಂಗಳವಾರ

ಅರ್ಜಿ ತಿರಸ್ಕಾರವಾಗಿದೆ. ಅಕ್ಕ ಪತ್ರವನ್ನು ಫೋನಿನಲ್ಲಿ ಓದಿದಳು: ಗಣಿಯು ನೀರೆತ್ತುವುದರಿಂದ ಅಂತರ್ಜಲ ಕುಸಿದ ವಲಯದೊಳಗೆ ಮನೆ ಬರುವುದರಿಂದ, ನೆಲ ಕುಗ್ಗಿ ಆಗುವ ಹಾನಿಗೆ ಪಾಲಿಸಿ ಅನ್ವಯಿಸದು. ಒಂದು ನಕ್ಷೆಯನ್ನೂ ಲಗತ್ತಿಸಿದ್ದಾರಂತೆ.

ಎರಡನೇ ಮಹಡಿಗೆ ಇಳಿದು ನೋಡಿದೆ. ತಪ್ಪೇನೂ ಕಾಣಲಿಲ್ಲ. ನಕ್ಷೆ ನಿಖರವಾಗಿದೆ, ಗಣಿಯ ಸುತ್ತ ಕೆಂಪು ಗೆರೆ, ಒಳಗೆ ಹತ್ತೊಂಬತ್ತು ಹಳ್ಳಿ. ನಿಯಮವೆಂದರೆ ನಿಯಮ. ಬಂಧುಗಳಿಗೆ ಬೇರೆ ನಿಯಮ ಕೇಳುವುದು ನನ್ನಿಂದಾಗದು. ಅಕ್ಕನಿಗೆ ಹಾಗೆಯೇ ವಿವರಿಸಿದೆ. ಅವಳು "ಹೂಂ" ಎಂದಳು. ಅದರಲ್ಲಿ ಒಪ್ಪಿಗೆ ಇತ್ತೋ ಇಲ್ಲವೋ.

ಏಪ್ರಿಲ್ 1, ಸೋಮವಾರ

ಈಸ್ಟರ್‌ಗೆ ಅಕ್ಕನ ಮನೆಯಲ್ಲಿ ಎರಡು ದಿನ.

ಇವತ್ತು ನೀರೆರಚುವ ಸೋಮವಾರ. ನಾನು ಹಾಸಿಗೆಯಿಂದ ಏಳುವ ಮೊದಲೇ ಭಾವ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ. ನೀರು ಕತ್ತಿನಿಂದ ಅಂಗಿಯೊಳಗೆ ಇಳಿಯಿತು, ತಣ್ಣಗೆ. ಅಕ್ಕನಿಗೆ ಆಗಲೇ ಆಗಿತ್ತು. ತಲೆಗೂದಲು ಒರೆಸಿಕೊಳ್ಳುತ್ತ, "ಕೆರೇಲಿ ಇಲ್ದಿರೋ ನೀರೆಲ್ಲ ಇವನ ಹತ್ರ ಇದೆ ನೋಡು," ಎಂದಳು.

"ಇರುತ್ತಲ್ಲ," ಎಂದ ಭಾವ. "ಇಪ್ಪತ್ತೆರಡು ವರ್ಷದಿಂದ ಪಂಪು ಹಾಕಿ ಎತ್ತಿ ಎತ್ತಿ ಹೊರಗೆ ಚೆಲ್ಲಿದೀನಿ. ಹಬ್ಬಕ್ಕೆ ನಿಮಗೆ ಒಂದೊಂದು ಲೋಟ ಕೊಡಬಾರದಾ?"

ಅವನ ಸಂಬಳ ಬರುವುದು ಗಣಿಯ ತಳದ ನೀರನ್ನು ಎತ್ತಿ ಎಸೆಯುವುದಕ್ಕೆ. ಹೆಂಡತಿಯ ದೋಣಿಗಳು ಕೂತದ್ದು ಅದರಿಂದಲೇ. ಈ ಇಬ್ಬರೂ ಇದನ್ನು ತಮಾಷೆಯಾಗಿಯೇ ಇಟ್ಟುಕೊಂಡಿದ್ದಾರೆ. ಬೇರೆ ಹೇಗೆ ಒಂದೇ ಮೇಜಿಗೆ ಕೂರುವುದು.

ಹುಳಿ ಸಾರಿಗೆ ಮೊಟ್ಟೆ ಹೆಚ್ಚಿ ಹಾಕಿಕೊಳ್ಳುವಾಗ ಭಾವ ಸುಮ್ಮನೆ ಒಂದು ಮಾತು ಎಸೆದ: "ಹೋದ ವಾರ ನಿಮ್ಮೋರು ಬಂದಿದ್ರು. ಪಂಪು ನೋಡೋಕೆ."

ಯಾರು ನಮ್ಮವರು ಎಂದೆ. ವಿಮೆ ಕಂಪನಿಯ ತಪಾಸಣೆಯವನಂತೆ. ಪ್ರತಿ ವಸಂತದಲ್ಲೂ ಬರುತ್ತಾನಂತೆ, ಒಂದೊಂದು ಪಂಪಿನ ಮುಂದೂ ನಿಂತು ಬರೆದುಕೊಳ್ಳುತ್ತಾನಂತೆ. ನೀಲಿ ಜಾಕೆಟ್, ಬೆನ್ನ ಮೇಲೆ ಹಸಿರು ಎಲೆ.

ನಮ್ಮ ಲಾಂಛನಕ್ಕೆ ಆ ಎಲೆಯನ್ನು ಆರಿಸಿದ ಸಭೆಯಲ್ಲಿ ನಾನೂ ಇದ್ದೆ. ಆದರೂ ಹೇಳಿದೆ, "ಭಾವ, ನಾವು ಗಣಿಗಳಿಗೆ ವಿಮೆ ಮಾಡೋದು ಬಿಟ್ಟು ನಾಲ್ಕು ವರ್ಷ ಆಯ್ತು. ಪತ್ರಿಕೆಯಲ್ಲೂ ಬಂದಿತ್ತು."

ಭಾವ ಸಾಸೇಜು ಅಗಿದು ನುಂಗಿದ. "ಹಂಗಾದ್ರೆ ಪಾಪ, ಅವನಿಗೆ ಯಾರೂ ಹೇಳಿಲ್ಲ."

ಅಕ್ಕ ನಕ್ಕಳು. ನಾನು ಗೋಡೆ ನೋಡಿದೆ. ಪಟ್ಟಿ ಒಡೆದಿರಲಿಲ್ಲ. ನಡುವೆ ಕೂದಲೆಳೆಯಷ್ಟು ಏನೋ ಇತ್ತು, ಬೆಳಕಿಗೆ ಹಾಗೆ ಕಂಡಿತೇನೋ.

ಏಪ್ರಿಲ್ 3, ಬುಧವಾರ

ನಮ್ಮ ಗ್ರಾಹಕರ ದಾಖಲೆಯಲ್ಲಿ ಗಣಿಯ ಹೆಸರು ಹಾಕಿ ಹುಡುಕಿದೆ. ಏನೂ ಇಲ್ಲ. ಅರ್ಧ ಗಂಟೆ ಹಗುರಾಗಿದ್ದೆ.

ಆಮೇಲೆ ಪಂಪುಗಳಿರುವ ಹಳ್ಳಿಯ ಅಂಚೆ ಸಂಖ್ಯೆ ಹಾಕಿದೆ. ಬಂತು. ಗ್ರಾಹಕರ ಹೆಸರು: ಜಲನಿರ್ವಹಣೆ ಮತ್ತು ಭೂಪುನಶ್ಚೇತನ ಸಂಸ್ಥೆ. ವಿಮೆ ಮಾಡಿರುವ ವಸ್ತುಗಳು: ಅಗೆಯುವ ಯಂತ್ರ ಮೂರು, ಕಲ್ಲಿದ್ದಲು ಸಾಗಿಸುವ ಪಟ್ಟಿ ಹದಿನೇಳು ಕಿಲೋಮೀಟರ್, ಪಂಪು ಎಂಬತ್ನಾಲ್ಕು. ಸಂಸ್ಥೆ ಹುಟ್ಟಿದ್ದು ನಾಲ್ಕು ವರ್ಷದ ಹಿಂದಿನ ಶರತ್ಕಾಲದಲ್ಲಿ, ನಾವು ಕಲ್ಲಿದ್ದಲು ಬಿಟ್ಟೆವೆಂದು ಪ್ರಕಟಿಸಿದ ತಿಂಗಳಲ್ಲೇ. ನನ್ನ ವರದಿಯಲ್ಲಿ ಅದು "ನೀರು ಮತ್ತು ಪರಿಸರ ಸೇವೆಗಳು" ಎಂಬ ಗುಂಪಿನಲ್ಲಿದೆ. ಆ ಸಾಲಿಗೆ ಹಸಿರು ಬಣ್ಣ ಹಾಕಿದ್ದೇನೆ.

ಅದು ಅಲ್ಲಿಗೆ ಹೇಗೆ ಬಂತು? ವರದಿಯ ವಿಧಾನ, ಪುಟ ಹನ್ನೊಂದು: "ಗ್ರಾಹಕರನ್ನು ಅವರು ನೋಂದಣಿಯಲ್ಲಿ ತಿಳಿಸಿದ ಮುಖ್ಯ ಉದ್ಯೋಗದ ಪ್ರಕಾರವೇ ವರ್ಗೀಕರಿಸತಕ್ಕದ್ದು." ವಾಕ್ಯ ನನ್ನದು. ನಾನು ಮೊದಲು ಬರೆದದ್ದು ಇನ್ನೂ ಉದ್ದವಾಗಿತ್ತು, ವಿಮೆ ಮಾಡಿದ ವಸ್ತು ಏನೆಂದು ನೋಡಬೇಕು ಎಂದಿತ್ತು. ಲುದ್ವಿಕಾ ಅದನ್ನು ಓದಿ, ಪುದಿನ ಚಹಾ ಕಲಕುತ್ತ, "ಸರಳವಾಗಿಡೋಣ," ಎಂದಿದ್ದರು. ನನಗೂ ಸರಿ ಎನಿಸಿತ್ತು. ಚಿಕ್ಕ ವಾಕ್ಯಗಳೆಂದರೆ ನನಗೆ ಯಾವತ್ತೂ ಇಷ್ಟ.

ಎರಡನೇ ಮಹಡಿಯಲ್ಲಿ ಗಣಿ ಇದೆ, ಕೆಂಪು ಗೆರೆ ಸಮೇತ, ಅಕ್ಕನಿಗೆ ಇಲ್ಲ ಎನ್ನುವುದಕ್ಕೆ. ಐದನೇ ಮಹಡಿಯಲ್ಲಿ, ನನ್ನ ಮೇಜಿನ ಮೇಲೆ, ಗಣಿ ಇಲ್ಲ. ನಡುವೆ ಮೂರು ಮಹಡಿ. ನಾನು ದಿನಾ ಮೆಟ್ಟಿಲಲ್ಲೇ ಹತ್ತುತ್ತೇನೆ, ವಿದ್ಯುತ್ ಉಳಿಯಲಿ ಎಂದು.

ಆ ಗಣಿಯ ಕಲ್ಲಿದ್ದಲು ಉರಿದರೆ ವರ್ಷಕ್ಕೆ ನಲವತ್ತೊಂದು ಲಕ್ಷ ಟನ್ ಇಂಗಾಲ. ಅರವತ್ತೊಂದು ಕೆಟಲ್‌ಗಳ ಒಂದು ವರ್ಷವೆಂದರೆ ಅದಕ್ಕೆ ಒಂದು ನಿಮಿಷವೂ ಅಲ್ಲ. ಎರಡು ಸಲ ಲೆಕ್ಕ ಹಾಕಿದೆ.

ಏಪ್ರಿಲ್ 5, ಶುಕ್ರವಾರ

ಲುದ್ವಿಕಾ ಬಾಗಿಲು ಹಾಕಿಸಿದರು. ನಾನು ಮುದ್ರಿಸಿಕೊಂಡು ಹೋದ ಹಾಳೆಗಳನ್ನು ಮುಟ್ಟಲಿಲ್ಲ, ಕಣ್ಣಾಡಿಸಲೂ ಇಲ್ಲ. ಅದರಿಂದಲೇ ತಿಳಿಯಿತು.

ನಿಮಗೆ ಯಾವಾಗಿನಿಂದ ಗೊತ್ತು ಎಂದು ಕೇಳಿದೆ.

"ನೀನು ಅನ್ನು," ಎಂದರು. "ಗೊತ್ತಿರೋದು, ಗೊತ್ತಿಲ್ದೇ ಇರೋದು, ಅದೆಲ್ಲ ದೊಡ್ಡ ಮಾತು ಬೊಗ್ನಾ. ನಿಯಮ ಇದೆ. ನಿಯಮದ ಪ್ರಕಾರ ಅದು ನೀರಿನ ಸಂಸ್ಥೆ. ಬರೆದೋಳು ನೀನೇ, ಚೆನ್ನಾಗೂ ಬರ್ದಿದೀಯ."

ಹಾಗಾದರೆ ನಿಯಮ ತಿದ್ದೋಣ, ಈ ವರ್ಷವೇ, ಎಂದೆ. ಲುದ್ವಿಕಾ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ನಾವು ಬಿಟ್ಟರೆ ಇನ್ನೊಬ್ಬರು ವಿಮೆ ಮಾಡುತ್ತಾರೆ, ಯಾರೂ ಮಾಡದಿದ್ದರೆ ಮರುದಿನವೇ ಯಂತ್ರ ನಿಲ್ಲುತ್ತದೆ ಎಂದರು. ಆಮೇಲೆ ಬಹಳ ಮೆತ್ತಗೆ: "ಆಗ ನಿನ್ನ ಭಾವ ಏನ್ಮಾಡ್ತಾರೆ? ಐವತ್ಮೂರು ವರ್ಷ ಅಂದಿದ್ದೆ ಅಲ್ವಾ. ಪಂಪು ಬಿಟ್ರೆ ಬೇರೆ ಏನು ಬರುತ್ತೆ ಅವರಿಗೆ?"

ಐವತ್ತಮೂರು ಎಂದು ನಾನೇ ಹೇಳಿದ್ದೆ, ಆ ಶುಕ್ರವಾರ, ಚೆರ್ರಿ ಮದ್ಯದ ಲೋಟ ಹಿಡಿದು.

ತೋಳು ಹೆಣೆದದ್ದು ಯಾಕೆ ಎಂದು ರೈಲು ನಿಲ್ದಾಣದವರೆಗೂ ಯೋಚಿಸುತ್ತ ನಡೆದೆ. ನಿಜವಾಗಿಯೂ ಪ್ರೀತಿಯಿಂದಲೇ ಇರಬಹುದು. ಪ್ರೀತಿ, ಲೆಕ್ಕಾಚಾರ ಎರಡೂ ಒಟ್ಟಿಗೆ ಇರಲು ಸಾಧ್ಯ ಎನ್ನುವುದೇ ನನಗೆ ಸಹಿಸಲಾಗುತ್ತಿಲ್ಲ.

ಏಪ್ರಿಲ್ 9, ಮಂಗಳವಾರ

ಕೆಲಸ ಬಿಡುವುದೇ? ಬಿಟ್ಟು ಎಲ್ಲಿಗೆ. ಬ್ಯಾಂಕುಗಳಲ್ಲಿ ಇದೇ ಕೆಲಸಕ್ಕೆ ಜನ ಬೇಕಾಗಿದ್ದಾರೆ, ಇದೇ ಪುಟ ಹನ್ನೊಂದು ಅಲ್ಲೂ ಇರುತ್ತದೆ.

ಎರಡನೇ ಮಹಡಿಯಲ್ಲಿ ಮತ್ತೆ ಒಂದು ಕೆಟಲ್ ತಂದಿದ್ದಾರೆ. ನೋಡಿ, ಹಾಗೆಯೇ ಮೆಟ್ಟಿಲು ಹತ್ತಿ ಬಂದೆ.

ಏಪ್ರಿಲ್ 12, ಶುಕ್ರವಾರ

ಲುದ್ವಿಕಾ ತಾನೇ ನನ್ನ ಮೇಜಿಗೆ ಬಂದಳು. ಮಿರ್ಕಾಳ ಅರ್ಜಿಯನ್ನು ಮತ್ತೆ ನೋಡುತ್ತಾರಂತೆ. ಸೌಜನ್ಯದ ಪರಿಹಾರವಾಗಿ ಗೋಡೆಯ ಪೂರ್ತಿ ಖರ್ಚು ಕೊಡಬಹುದಂತೆ. ಬದಲಿಗೆ ನನ್ನಿಂದ ಏನನ್ನೂ ಕೇಳಲಿಲ್ಲ. ವರದಿಯ ಮಾತೇ ಬರಲಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ.

ಒಂದೇ ತೊಡಕು: ಕೆಂಪು ಗೆರೆಯೊಳಗಿನ ಮನೆಗೆ ಕೊಡಬೇಕಾದರೆ ಬಿರುಕಿಗೆ ಬೇರೆ ಕಾರಣ ಇರಬೇಕು. ಮನೆಯವರಿಂದ ಒಂದು ಹೇಳಿಕೆ ಬೇಕು. ಮನೆಯನ್ನು ಬಲ್ಲವಳು ನಾನಾದ್ದರಿಂದ ಕರಡು ನಾನೇ ಮಾಡಿದರೆ ಒಳ್ಳೆಯದು ಎಂದಳು. ಮಾಡಿದೆ: "ಮನೆಯು 1931ರದಾಗಿದ್ದು, ಹಳೆಯ ಅಡಿಪಾಯದ ಕಾಲಸಹಜ ಸವೆತದಿಂದ ಬಿರುಕು ಉಂಟಾಗಿದೆ." ಮನೆ 1931ರದೇ. ಸುಳ್ಳೇನಲ್ಲ. ಮೂರು ಸಲ ಓದಿದೆ, ವಾಕ್ಯ ಹದವಾಗಿದೆ.

ಅಕ್ಕನ ಗೋಡೆ ಚಳಿಗಾಲಕ್ಕೆ ಮೊದಲು ಸರಿಯಾದರೆ, ಅಷ್ಟಾದರೂ ಒಳ್ಳೆಯದು ಇದರಿಂದ ಬಂದಂತಾಯಿತು.

ಏಪ್ರಿಲ್ 17, ಬುಧವಾರ

ವರದಿಗೆ ಸಹಿ ಹಾಕಿದೆ. ಪುಟ ಹನ್ನೊಂದು ಇದ್ದಂತೆಯೇ ಇದೆ, ಮುಂದಿನ ವರ್ಷ ತಿದ್ದಬಹುದು. ಒಳಗಿದ್ದರೆ ತಾನೇ ತಿದ್ದಲಾಗುವುದು.

ಇನ್ನು ಹೊರಗಿನ ಪರಿಶೋಧಕರ ಭೇಟಿಯೊಂದೇ ಬಾಕಿ, ಮೂವತ್ತನೇ ತಾರೀಖು. ಸೆವೆರಿನ್ ಒಳ್ಳೆಯ ಮನುಷ್ಯ. ಪ್ರತಿವರ್ಷ ಎಲ್ಲ ಮುಗಿದು ಪೆನ್ನಿಗೆ ಮುಚ್ಚಳ ಹಾಕಿದ ಮೇಲೆ ಒಂದೇ ಪ್ರಶ್ನೆ ಕೇಳುತ್ತಾರೆ: "ಪಾನಿ ಬೊಗ್ನಾ, ನೀವು ನನಗೆ ತೋರಿಸದೇ ಇರೋದು ಏನಾದ್ರೂ ಇದೆಯಾ?" ಪ್ರತಿವರ್ಷ ಇಲ್ಲ ಎನ್ನುತ್ತೇನೆ, ಕಾಫಿ ಕುಡಿಯುತ್ತೇವೆ.

ಏಪ್ರಿಲ್ 21, ಭಾನುವಾರ

ಸಂತೋಷದ ಸುದ್ದಿ ಎಂದು ಮೊದಲೇ ಹೇಳದೆ ಹೋದೆ. ಅಕ್ಕನ ಮುಖ ನೋಡಬೇಕೆಂದು.

ಕಾಗದವನ್ನು ಮೇಜಿನ ಮೇಲಿಟ್ಟು ಹೇಳಿದೆ: ಗೋಡೆಯ ಪೂರ್ತಿ ಖರ್ಚು ಬರುತ್ತದೆ, ಇಬ್ಬರೂ ಇಲ್ಲಿ ಸಹಿ ಮಾಡಿದರೆ ಸಾಕು. ಭಾವ ಕನ್ನಡಕ ಹುಡುಕಿ ತಂದು, ನಿಂತೇ ಓದಿದ. ಓದಲು ಬಹಳ ಹೊತ್ತು ಹಿಡಿಯಿತು, ಒಂದೇ ವಾಕ್ಯವಾದರೂ.

"ಅಡಿಪಾಯ ಹಳೇದು ಅಂತಿದೆ."

"ಅದು ಒಂದು ಪದ್ಧತಿ ಭಾವ. ಏನಾದ್ರೂ ಕಾರಣ ಬರೀಬೇಕಲ್ಲ."

"ಒಂಬತ್ತು ವರ್ಷದ ಹಿಂದೆ ಪೂರ್ತಿ ಅಗೆದು ಕಾಂಕ್ರೀಟು ಹಾಕಿದ್ದು ನಾನು. ಎರಡು ತಿಂಗಳು ರಜ ಹಾಕಿದ್ದೆ. ನೀನು ಫೋಟೋ ತೆಗೆದಿದ್ದೆ, ಗುಂಡಿಯೊಳಗೆ ನಾನು ನಿಂತಿರೋದು."

ನನಗದು ನೆನಪಿರಲಿಲ್ಲ. ನೆನಪಿತ್ತೇ? ಬರೆಯುವಾಗ ಇರಲಿಲ್ಲ ಎಂದೇ ಅಂದುಕೊಳ್ಳುತ್ತೇನೆ.

ಅಕ್ಕ ಕೇಳಿದ್ದು ಬೇರೆ. ಬೀದಿಯಲ್ಲಿ ಇನ್ನೂ ಎಂಟು ಮನೆ ಬಿರಿದಿವೆ, ಅವರಿಗೂ ಇಂಥ ಕಾಗದ ತಂದಿದ್ದೇನೆಯೇ ಎಂದಳು. ಇಲ್ಲ ಎಂದೆ. ನಾಳೆ ಅವರು ಕೋರ್ಟಿಗೆ ಹೋದರೆ ಈ ಕಾಗದವನ್ನು ಅಲ್ಲಿ ತೋರಿಸುತ್ತಾರೆಯೇ ಎಂದಳು, ನೋಡಿ, ಗಣಿಯಲ್ಲಿ ಪಂಪು ನಡೆಸುವವನೇ ತನ್ನ ಮನೆ ಗಣಿಯಿಂದ ಬಿರಿದಿಲ್ಲ ಎಂದಿದ್ದಾನೆ ಎಂದು. ನಾನು ಅಷ್ಟು ದೂರ ಯೋಚಿಸಿರಲಿಲ್ಲ. ಲುದ್ವಿಕಾ ಯೋಚಿಸಿರಬಹುದು.

"ಸರಳವಾಗಿಡೋಣ ಅಕ್ಕ," ಎಂದೆ. "ಒಂದು ಸಹಿ. ಗೋಡೆ ಸರಿಯಾಗುತ್ತೆ."

ಅಕ್ಕ ಕಾಗದವನ್ನು ನನ್ನ ಕಡೆಗೆ ತಿರುಗಿಸಿದಳು. "ಇದನ್ನ ಬರೆದೋರು ಯಾರು?"

"ಆಫೀಸಿನವರು."

ಅವಳು ನನ್ನನ್ನೇ ನೋಡಿದಳು. ಶಾಲೆಯಲ್ಲಿ ಅವಳ ಪ್ರಬಂಧಗಳನ್ನು ತಿದ್ದಿಕೊಡುತ್ತಿದ್ದವಳು ತಂಗಿಯಾದ ನಾನು. ನನ್ನ ವಾಕ್ಯ ಹೇಗಿರುತ್ತದೆ ಎಂದು ಅವಳಿಗೆ ಗೊತ್ತು. ಎದ್ದು ನೀರು ಕಾಯಲಿಟ್ಟಳು. ಕಾಗದ ಇರಲಿ, ನೋಡುತ್ತೇವೆ ಎಂದ ಭಾವ.

ಚಹಾ ಬಂದದ್ದು ಗಾಜಿನ ಕಪಾಟಿನಲ್ಲಿರುವ ಚಿನ್ನದಂಚಿನ ಬಟ್ಟಲಲ್ಲಿ, ತಟ್ಟೆ ಸಮೇತ. ಅದನ್ನು ಹೊರಗೆ ತೆಗೆಯುವುದು ಪಾದ್ರಿ ಬಂದಾಗ, ಮದುವೆ ಮಾತಿಗೆ ಜನ ಬಂದಾಗ. ಬಾತುಕೋಳಿ ಮಗ್ಗು ಕೊನೆಗೂ ಒಡೆದಿರಬೇಕು ಅಂದುಕೊಂಡೆ. ಸಕ್ಕರೆ ಎಷ್ಟು ಎಂದು ಅಕ್ಕ ಕೇಳಿದಳು. ನಲವತ್ತು ವರ್ಷದಲ್ಲಿ ಯಾವತ್ತೂ ಕೇಳಿರಲಿಲ್ಲ.

ಕೋಟು ಹಾಕಿಕೊಂಡು ಹೊರಡುವಾಗ ಅಡುಗೆಮನೆಯತ್ತ ತಿರುಗಿದೆ. ಮಗ್ಗು ಅದರ ಮೊಳೆಗೇ ನೇತಾಡುತ್ತಿತ್ತು.

ಏಪ್ರಿಲ್ 25, ಗುರುವಾರ

ಅಕ್ಕ ಫೋನು ಎತ್ತುತ್ತಿಲ್ಲ. ತೋಟದ ಕೆಲಸವಿರಬಹುದು, ಆಲೂಗಡ್ಡೆ ಹಾಕುವ ಕಾಲ.

ಏಪ್ರಿಲ್ 29, ಸೋಮವಾರ

ಅಂಚೆಯಲ್ಲಿ ಪೆಟ್ಟಿಗೆಯೊಂದು ಬಂತು, ಷೂ ಪೆಟ್ಟಿಗೆ, ಭಾವನ ಕೈಬರಹದಲ್ಲಿ ವಿಳಾಸ. ಮೇಲೆ ಆ ಹೇಳಿಕೆ, ನಾಲ್ಕಾಗಿ ಮಡಚಿ, ಸಹಿಯಿಲ್ಲದೆ. ಪತ್ರ ಇರಬಹುದೆಂದು ಹಳೆ ಪತ್ರಿಕೆಯ ಹಾಳೆಗಳನ್ನೆಲ್ಲ ಬಿಡಿಸಿ ನೋಡಿದೆ. ಇರಲಿಲ್ಲ. ಕೆಳಗೆ ಟವೆಲಿನಲ್ಲಿ ಸುತ್ತಿ ಜಿಪ್ಸಮ್ ಪಟ್ಟಿ. ಎರಡು ತುಂಡು.

ಗೋಡೆಯಿಂದ ಎಬ್ಬಿಸುವಾಗ ಒಡೆದದ್ದಲ್ಲ. ಒಡೆದ ಅಂಚಿನಲ್ಲಿ ಆಗಲೇ ಅಡುಗೆಮನೆಯ ಮಸಿ ಕೂತಿದೆ. ಭಾವ ಚಾಕು ಹಾಕಿ ಬಹಳ ಜೋಪಾನವಾಗಿ ಬಿಡಿಸಿದ್ದಾನೆ.

ಮೇಜಿನ ಮೇಲೆ ಜೋಡಿಸಿದೆ. ತುಂಡುಗಳು ಸರಿಯಾಗಿ ಕೂಡುತ್ತವೆ. ಗೋಡೆಯಷ್ಟೇ ಕೂಡದಿರುವುದು. ಮಾರ್ಚ್ 10 ಎಂದು ಸ್ಪಷ್ಟವಾಗಿ ಓದಬಹುದು. ಬಿರುಕು ಹಾದಿರುವುದು ನನ್ನ ಸಹಿಯ ನಡುವೆ. ವರದಿಯ ಕೊನೆಯ ಪುಟದಲ್ಲಿರುವುದೂ ಇದೇ ಸಹಿ, ಕೊನೆಯ ಅಕ್ಷರಕ್ಕೆ ಇದೇ ಬಾಲ. ಭಾವ ಮೆಚ್ಚಿಕೊಂಡದ್ದು ಇದನ್ನೇ. ಹೊರಗಿನವರ ಸಹಿ ಬೇಕು ಎಂದಿದ್ದ.

ಸಂಜೆ ಪಾನಿ ಲುದ್ವಿಕಾ ಫೋನು ಮಾಡಿದ್ದರು. ನಾಳೆಗೆ ಎಲ್ಲ ಸಿದ್ಧ ತಾನೇ ಎಂದು ಕೇಳಿದರು. ಸಿದ್ಧ ಇದೆ, ನೀವು ಯೋಚನೆ ಮಾಡಬೇಡಿ ಎಂದೆ. "ನೀವು?" ಎಂದು ಕೇಳಿದರು.

ಸೆವೆರಿನ್ ಹತ್ತು ಗಂಟೆಗೆ ಬರುತ್ತಾರೆ. ಪುಟ ಹನ್ನೊಂದು, ಎಂಬತ್ನಾಲ್ಕು ಪಂಪುಗಳ ಪಟ್ಟಿ, ಎರಡನೇ ಮಹಡಿಯ ನಕ್ಷೆ, ಮೂರನ್ನೂ ಒಂದು ಕಡತಕ್ಕೆ ಹಾಕಿದೆ. ಜಿಪ್ಸಮ್ ಮಾತ್ರ ಕಡತದಲ್ಲಿ ನಿಲ್ಲುವುದಿಲ್ಲ, ಪುಡಿಯಾಗುತ್ತದೆ. ಊಟದ ಡಬ್ಬಿ ತೊಳೆದು ಒರೆಸಿ, ತಳಕ್ಕೆ ಹತ್ತಿ ಹಾಸಿ, ಎರಡೂ ತುಂಡುಗಳನ್ನು ಅದರಲ್ಲಿ ಮಲಗಿಸಿದೆ. ನಾಳೆ ಮೆಟ್ಟಿಲು ಬೇಡ. ಲಿಫ್ಟಿನಲ್ಲೇ ಹೋಗುತ್ತೇನೆ, ಅಲುಗಬಾರದು.